ಲಂಡನ್–ಸಿಡ್ನಿ ವಾಯುಮಾರ್ಗ: ದೂರ ಮತ್ತು ಕಾಲಗಳ ವಿಚಾರ

ಒಂದು ಊರಿಗೂ ಇನ್ನೊಂದು ಊರಿಗೂ ದೂರವೆಷ್ಟು, ಅಲ್ಲಿಗೆ ತಲುಪಲು ಹೊತ್ತೆಷ್ಟು ಎಂಬ ಎರಡು ಪ್ರಶ್ನೆಗಳನ್ನು ನಮ್ಮ ಜನರು ಒಂದೇ ಉಸಿರಿನಲ್ಲಿ ಕೇಳುವುದು ವಾಡಿಕೆ. ಮೊದಲನೆಯದಕ್ಕೆ ಉತ್ತರ ದೊರೆತೊಡನೆ, ವಾಹನದ ವೇಗದಿಂದ ಅದನ್ನು ಭಾಗಿಸಿ ಎರಡನೆಯದರ ಉತ್ತರವನ್ನೂ ಪಡೆದುಕೊಳ್ಳಬಹುದೆಂಬ ನಂಬಿಕೆ ಆ ವಾಡಿಕೆಯೊಡನೆ ಬೆರೆತಿರುತ್ತದೆ. ಮೈಸೂರಿಗೂ ಮಂಡ್ಯಕ್ಕೂ ಈ ಲೆಕ್ಕ ಸರಿಹೋಗಬಹುದು. ಭೂಗೋಳದ ಬೇರೆಬೇರೆ ಅರ್ಧಗಳಲ್ಲಿ ನೆಲೆಸಿರುವ ನಗರಗಳ ವಿಚಾರದಲ್ಲಿ ಮಾತ್ರ ಇದು ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸುತ್ತದೆ. ಲಂಡನ್ ನಗರದಿಂದ ಆಸ್ಟ್ರೇಲಿಯದ ಸಿಡ್ನಿಗೆ ಅತ್ಯಂತ ಹತ್ತಿರದ ವಾಯುಮಾರ್ಗ ಸುಮಾರು 17,000 ಕಿಲೋಮೀಟರು. ಇಂದಿನ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರು. ಭಾಗಲಬ್ಧ ಹತ್ತೊಂಬತ್ತು ಗಂಟೆಗೆ ತುಸು ಕಡಿಮೆ. ಈ ವೇಗದ ವಿಮಾನಗಳು ಆ ಮಾರ್ಗಕ್ಕೆ ಬಂದುದು 1959ರಲ್ಲಿ. ಆದರೂ ಅಂದಿನಿಂದ ಆರು ದಶಕಗಳು ಕಳೆಯುವವರೆಗೂ, ಹಣ ತೆತ್ತು ಟಿಕೆಟ್ಟು ಕೊಂಡ ಪ್ರಯಾಣಿಕನೊಬ್ಬನಾದರೂ ಹತ್ತೊಂಬತ್ತು ಗಂಟೆಗಳಲ್ಲಿ ಲಂಡನ್ನಿನಿಂದ ಸಿಡ್ನಿಯನ್ನು ಮುಟ್ಟಲಿಲ್ಲ. ಭಾಗಾಕಾರಕ್ಕೆ ಸಿಕ್ಕದೆ ಉಳಿದ ಆ ಹೊತ್ತು ಎಲ್ಲಿ ವ್ಯಯವಾಗುತ್ತಿತ್ತು, ಅದನ್ನು ಯಾರು ಹೇಗೆ ಮರಳಿ ಗಳಿಸಿದರು ಎಂಬುದೇ ಪ್ರಸ್ತುತ ಸಮೀಕ್ಷೆಯ ವಿಷಯ.

ಮೊದಲು ದೂರದ ಮಾತು. ಶಾಲೆಯ ಗೋಡೆಯ ಮೇಲಿನ ಭೂಪಟವನ್ನು ನೋಡಿ ಬೆಳೆದವರು, ಲಂಡನ್ನಿನಿಂದ ಸಿಡ್ನಿಗೆ ಹೊರಟ ವಿಮಾನ ಆಗ್ನೇಯಕ್ಕೆ ಮುಖಮಾಡಿ, ಮೆಡಿಟರೇನಿಯನ್ ಸಮುದ್ರ, ಅರೇಬಿಯ, ಹಿಂದೂ ಮಹಾಸಾಗರಗಳನ್ನು ಓರೆಯಾಗಿ ದಾಟಿ ಹೋಗಬೇಕೆಂದು ಭಾವಿಸುವುದು ಸಹಜ. ಗುಂಡಾದ ಪೃಥ್ವಿಯನ್ನು ಚಪ್ಪಟೆಯ ಹಾಳೆಯ ಮೇಲೆ ಹರಡುವುದರಿಂದ ಹುಟ್ಟುವ ಭ್ರಮೆಯಿದು. ಹಾಳೆಯನ್ನು ಬಿಟ್ಟು ಗೋಳವನ್ನೇ ಮುಂದಿಟ್ಟುಕೊಂಡು, ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ, ಆ ದಾರ ಲಂಡನ್ನಿನಿಂದ ಈಶಾನ್ಯಕ್ಕೆ ಏರಿ, ಬಾಲ್ಟಿಕ್ ಸಮುದ್ರವನ್ನು ದಾಟಿ, ಮಾಸ್ಕೋ ನಗರಕ್ಕೆ ತುಸು ಉತ್ತರದಲ್ಲಿ ತನ್ನ ಪರಮೋಚ್ಚ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಮೆಲ್ಲನೆ ದಕ್ಷಿಣಕ್ಕೆ ಬಾಗುತ್ತ, ಕಜಕಸ್ತಾನದ ಹುಲ್ಲುಗಾವಲು, ಚೀನದ ಸಿಚುವಾನ್ ಪ್ರಾಂತ, ಮೊಲುಕ್ಕ ದ್ವೀಪಗಳ ನೆರೆಯ ಕಡಲು ಇವುಗಳ ಮೇಲೆ ಸಾಗಿ ಆಸ್ಟ್ರೇಲಿಯವನ್ನು ಹೊಗುವುದು ಕಾಣುತ್ತದೆ. ದಕ್ಷಿಣಾರ್ಧಗೋಳದ ನಗರವೊಂದನ್ನು ಸೇರಲು ಮೊದಲು ಉತ್ತರಕ್ಕೆ ಹೊರಡಬೇಕೆಂಬ ಈ ಸಂಗತಿ ಮೊದಲು ಕೇಳಿದವರಿಗೆ ಕುಚೋದ್ಯವೆನಿಸಿದರೂ, ಗೋಳಗಣಿತದವರು ಮಹಾವೃತ್ತವೆಂದು ಕರೆಯುವ ರೇಖೆಯ ಸ್ವಭಾವವೇ ಅಂಥದು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರಾದುದರಿಂದ, ಭೂಮಿಯ ಮೇಲಿನ ಯಾವ ಎರಡು ಸ್ಥಳಗಳೂ ಅದರ ಅರ್ಧಕ್ಕಿಂತ, ಎಂದರೆ 20,000ಕ್ಕಿಂತ, ಹೆಚ್ಚು ದೂರದಲ್ಲಿರಲಾರವು. ಲಂಡನ್ ಸಿಡ್ನಿಗಳ ಅಂತರ ಈ ಪರಮಾವಧಿಯ ಆರು ಪಾಲಿನಲ್ಲಿ ಐದು ಪಾಲಿಗೂ ತುಸು ಮಿಗಿಲು. ದೊಡ್ಡ ನಗರಗಳ ಜೋಡಿಗಳಲ್ಲಿ ಇದಕ್ಕಿಂತ ದೂರವಾದವು ಇಲ್ಲವೆಂದಲ್ಲ. ಆದರೆ ಇಷ್ಟು ದೂರವಿದ್ದೂ ಒಂದನ್ನೊಂದು ಬಿಟ್ಟಿರಲಾರದೆ, ಕಾಗದಪತ್ರಗಳನ್ನೂ ಬಂಧುಬಳಗವನ್ನೂ ಅತ್ತಿತ್ತ ಕಳುಹಿಸುತ್ತಲೇ ಬಂದ ಜೋಡಿ ಮತ್ತೊಂದು ದೊರೆಯುವುದು ಕಷ್ಟ. ಈ ಮಾರ್ಗದ ಚರಿತ್ರೆ ಅಷ್ಟು ದಟ್ಟವಾಗಿ ದಾಖಲಾಗಿರುವುದೂ ಆ ಕಾರಣದಿಂದಲೇ.

ಹಡಗುಗಳ ಕಾಲವನ್ನು ಇಲ್ಲಿ ಒಂದೆರಡು ಮಾತಿನಲ್ಲಿ ದಾಟಿಬಿಡಬಹುದು. 1787ರ ಮೇ ತಿಂಗಳಲ್ಲಿ ಪೋರ್ಟ್ಸ್‌ಮತ್ತಿನಿಂದ ಕೈದಿಗಳನ್ನು ತುಂಬಿಕೊಂಡು ಹೊರಟ ಮೊದಲ ನೌಕಾಸಮೂಹ ಬಾಟನಿ ಕೊಲ್ಲಿಯನ್ನು ಸೇರಿದುದು 1788ರ ಜನವರಿಯಲ್ಲಿ, ಎಂಟು ತಿಂಗಳ ಮೇಲೆ. ಮುಂದೆ ವೇಗದ ಹಾಯಿಹಡಗುಗಳು ಈ ಅವಧಿಯನ್ನು ಎರಡು ತಿಂಗಳ ಆಸುಪಾಸಿಗೆ ಇಳಿಸಿದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಅದನ್ನು ಇನ್ನೂ ಕುಗ್ಗಿಸಿದವು. ಹಡಗು ರಾತ್ರಿಯೆಂದು ನಿಲ್ಲದು, ಮೋಡ ಕವಿಯಿತೆಂದು ನಿಲ್ಲದು. ವಿಮಾನ ಬಂದಾಗ ಅದಕ್ಕೆ ಈ ಸೌಭಾಗ್ಯವಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

1919ರಲ್ಲಿ ಆಸ್ಟ್ರೇಲಿಯದ ಪ್ರಧಾನಿಯಾಗಿದ್ದ ಬಿಲ್ಲಿ ಹ್ಯೂಸ್ ಅವರ ಸರ್ಕಾರ, ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಮೂವತ್ತು ದಿನಗಳೊಳಗೆ ಹಾರಿ ಬರುವ ಆಸ್ಟ್ರೇಲಿಯದ ವೈಮಾನಿಕರಿಗೆ 10,000 ಪೌಂಡುಗಳ ಬಹುಮಾನವನ್ನು ಸಾರಿತು. ರಾಸ್ ಸ್ಮಿತ್, ಕೀತ್ ಸ್ಮಿತ್ ಎಂಬ ಸೋದರರು, ಶಿಯರ್ಸ್ ಮತ್ತು ಬೆನೆಟ್ ಎಂಬ ಇಬ್ಬರು ಯಂತ್ರಜ್ಞರೊಡನೆ, ವಿಕರ್ಸ್ ವಿಮಿ ಎಂಬ ಎರಡು ಎಂಜಿನುಗಳ, ಮೇಲೆ ಹೊದಿಕೆಯಿಲ್ಲದ ವಿಮಾನದಲ್ಲಿ ನವೆಂಬರ್ 12ರಂದು ಲಂಡನ್ನಿನ ಅಂಚಿನ ಹೌನ್‌ಸ್ಲೋ ಮೈದಾನದಿಂದ ಹೊರಟು ಡಿಸೆಂಬರ್ 10ರಂದು ಡಾರ್ವಿನ್ನಿನಲ್ಲಿ ಇಳಿದರು. ದಾರಿಯ ಕಥೆ ಸ್ವಾರಸ್ಯವಾದುದು. ಕಲ್ಕತ್ತದ ಕುದುರೆ ಪಂದ್ಯದ ಬಯಲಿನಿಂದ ಮೇಲೇಳುವಾಗ ಹದ್ದೊಂದು ಬಂದು ಪ್ರೊಪೆಲ್ಲರಿಗೆ ಬಡಿಯಿತು. ಜಾವದ ಸುರಬಯದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತುಹೋಗಲು, ಸುತ್ತಲ ಹಳ್ಳಿಯವರು ತಮ್ಮ ಮನೆಗಳ ಬಿದಿರು ಚಾಪೆಗಳನ್ನು ತಂದು ನೆಲಕ್ಕೆ ಹಾಸಿ, ಅದರ ಮೇಲೆ ವಿಮಾನ ಓಡಿ ಏರಬೇಕಾಯಿತು. ಈ ಸ್ಪರ್ಧೆಗೆಂದು ಹೊರಟ ಆರು ವಿಮಾನಗಳಲ್ಲಿ ಗುರಿಮುಟ್ಟಿದವು ಎರಡೇ. ಪೇರರ್ ಮತ್ತು ಮ್ಯಾಕಿಂಟಾಷ್ ನಡೆಸಿದ ಎರಡನೆಯ ವಿಮಾನಕ್ಕೆ ಹಿಡಿದ ಕಾಲ 206 ದಿನ, ಎಂದರೆ ಹಾಯಿಹಡಗಿಗಿಂತಲೂ ಮೂರುಪಟ್ಟು ಹೆಚ್ಚು.

ನಮ್ಮ ವಿಚಾರಕ್ಕೆ ಮುಖ್ಯವಾದುದು ಸ್ಮಿತ್ ಸೋದರರ ಲೆಕ್ಕಪುಸ್ತಕ. ಒಟ್ಟು ಪ್ರಯಾಣ 27 ದಿನ 20 ಗಂಟೆ, ಗಂಟೆಗಳಲ್ಲಿ ಹೇಳುವುದಾದರೆ 668. ಅದರಲ್ಲಿ ಅವರು ಆಕಾಶದಲ್ಲಿದ್ದುದು 135 ಗಂಟೆ ಮಾತ್ರ. ಐದು ಪಾಲಿನಲ್ಲಿ ನಾಲ್ಕು ಪಾಲು ಕಾಲ ನೆಲದ ಮೇಲೆ ಕಳೆಯಿತು: ಎಂಜಿನನ್ನು ಬಿಚ್ಚಿ ಜೋಡಿಸಲು, ಪೆಟ್ರೋಲು ತುಂಬಲು, ಮಳೆ ನಿಲ್ಲಲೆಂದು ಕಾಯಲು, ಊರ ಗಣ್ಯರ ಸತ್ಕಾರವನ್ನು ಸ್ವೀಕರಿಸಲು, ನಿದ್ರಿಸಲು. ಅವರ ವಿಮಾನದ ಸರಾಸರಿ ವೇಗ ಗಂಟೆಗೆ 130 ಕಿಲೋಮೀಟರಿನ ಸುಮಾರಿನದು, ಇಂದು ನಮ್ಮ ಹೆದ್ದಾರಿಯ ಕಾರು ಮುಟ್ಟಬಲ್ಲ ವೇಗ. ಆ ವೇಗದಲ್ಲಿಯೇ ಅದು ಎಲ್ಲಿಯೂ ನಿಲ್ಲದೆ ಹಾರಬಲ್ಲುದಾಗಿದ್ದಿದ್ದರೆ ಆರು ದಿನದೊಳಗೆ ಆಸ್ಟ್ರೇಲಿಯವನ್ನು ಸೇರುತ್ತಿತ್ತು. ಹದಿನಾರು ವರ್ಷಗಳ ತರುವಾಯ, ಅದಕ್ಕಿಂತ ವೇಗವಾದ ವಿಮಾನಗಳಲ್ಲಿ ಹೋದ ಮೊದಲ ಟಿಕೆಟ್ಟಿನ ಪ್ರಯಾಣಿಕರಿಗೆ ಹನ್ನೆರಡೂವರೆ ದಿನ ಬೇಕಾಯಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ದೂರಪ್ರಯಾಣದ ಕಾಲವನ್ನು ನಿರ್ಣಯಿಸುವುದು ಹಾರಾಟಕ್ಕಿಂತ ಹೆಚ್ಚಾಗಿ ನಿಲುಗಡೆಯೆಂಬುದು ಸ್ಪಷ್ಟಪಡುತ್ತದೆ. ಈ ಮಾರ್ಗದ ಒಂದು ಶತಮಾನದ ಇತಿಹಾಸವನ್ನು ಜನ ವೇಗದ ಇತಿಹಾಸವೆಂದು ಹೇಳಿಕೊಂಡು ಬಂದಿದ್ದಾರೆ. ನನ್ನ ಎಣಿಕೆಯಲ್ಲಿ ಅದು ತಂಗುದಾಣಗಳು ಒಂದೊಂದಾಗಿ ಅಳಿದುಹೋದ ಇತಿಹಾಸ.

ನಡುವಣ ಸಾಹಸಿಗಳನ್ನು ಹೆಸರಿಸಿ ಮುಂದುವರಿಯಬೇಕು. 1928ರಲ್ಲಿ ಬರ್ಟ್ ಹಿಂಕ್ಲರ್ ಒಬ್ಬರೇ ಹದಿನೈದೂವರೆ ದಿನಗಳಲ್ಲಿ ಹಾರಿದರು. 1930ರ ಮೇ ತಿಂಗಳಲ್ಲಿ ಏಮಿ ಜಾನ್ಸನ್ ಎಂಬ ತರುಣಿ ಹತ್ತೊಂಬತ್ತೂವರೆ ದಿನಗಳಲ್ಲಿ ಕ್ರಾಯ್ಡನ್ನಿನಿಂದ ಡಾರ್ವಿನ್ನಿಗೆ ಒಂಟಿಯಾಗಿ ಹಾರಿ ಜಗತ್ತಿನ ಮೆಚ್ಚುಗೆಗೆ ಪಾತ್ರರಾದರು. ಆದರೆ ತುಲನೆಗೆ ಒಳ್ಳೆಯ ಸಾಮಗ್ರಿ ಒದಗುವುದು 1934ರ ಅಕ್ಟೋಬರಿನ ಲಂಡನ್–ಮೆಲ್ಬರ್ನ್ ಸ್ಪರ್ಧೆಯಿಂದ. ಬಾಗ್ದಾದ್, ಅಲಹಾಬಾದ್, ಸಿಂಗಪುರ, ಡಾರ್ವಿನ್, ಚಾರ್ಲ್‌ವಿಲ್ ಎಂಬ ಐದು ಕಡೆ ಕಡ್ಡಾಯವಾಗಿ ಇಳಿಯಬೇಕೆಂಬ ನಿಯಮವಿದ್ದ ಈ ಪಂದ್ಯವನ್ನು, ಅದಕ್ಕೆಂದೇ ಕಟ್ಟಿದ ಕಾಮೆಟ್ ಎಂಬ ಪುಟ್ಟ ವಿಮಾನದಲ್ಲಿ ಸ್ಕಾಟ್ ಮತ್ತು ಬ್ಲ್ಯಾಕ್ ಸುಮಾರು 71 ಗಂಟೆಗಳಲ್ಲಿ ಗೆದ್ದುಕೊಂಡರು. ಅದು ಓಟದ ಕುದುರೆಯ ಗೆಲವು. ವಿಮಾನಯಾನದ ಕಂಪನಿಗಳ ಕಣ್ಣು ತೆರೆಸಿದುದು ಎರಡನೆಯದಾಗಿ ಬಂದ ಡಚ್ಚರ ಡಿಸಿ-2. ಅಂಚೆಯನ್ನೂ ಮೂವರು ಪ್ರಯಾಣಿಕರನ್ನೂ ಹೊತ್ತ ಈ ಸಾಧಾರಣ ವಿಮಾನ, ಗುರಿ ಹತ್ತಿರವಾಗುತ್ತಿದ್ದಾಗ ರಾತ್ರಿಯ ಬಿರುಗಾಳಿಗೆ ಸಿಕ್ಕಿ ದಾರಿತಪ್ಪಿ, ಆಲ್ಬರಿ ಎಂಬ ಊರಿನ ಮೇಲೆ ಸುತ್ತತೊಡಗಿತು. ಊರಿನ ವಿದ್ಯುದ್ದೀಪಗಳನ್ನೆಲ್ಲ ಆರಿಸಿ ಹೊತ್ತಿಸಿ ಮೋರ್ಸ್ ಸಂಕೇತದಲ್ಲಿ ಊರ ಹೆಸರನ್ನು ಆಕಾಶಕ್ಕೆ ಸಾರಲಾಯಿತು. ಕಾರುಳ್ಳವರೆಲ್ಲರೂ ಕುದುರೆ ಪಂದ್ಯದ ಬಯಲಿಗೆ ಬಂದು ದೀಪ ಬಿಡಬೇಕೆಂದು ಸ್ಥಳೀಯ ಆಕಾಶವಾಣಿ ಕೇಳಿಕೊಂಡಿತು. ಆ ಬೆಳಕಿನ ಸಾಲಿನಲ್ಲಿ ವಿಮಾನ ಇಳಿಯಿತು. ಬೆಳಿಗ್ಗೆ ಊರವರು ಹಗ್ಗ ಕಟ್ಟಿ ಅದನ್ನು ಕೆಸರಿನಿಂದೆಳೆದರು. ಇಷ್ಟೆಲ್ಲ ಆದಮೇಲೂ ಅದು ಮೆಲ್ಬರ್ನ್ ಸೇರಿದುದು 90 ಗಂಟೆಗಳಲ್ಲಿ. ಜನಸಾಮಾನ್ಯರನ್ನು ಹೊರುವ ವಿಮಾನ ನಾಲ್ಕೇ ದಿನಗಳಲ್ಲಿ ಆ ದೂರವನ್ನು ದಾಟಬಲ್ಲುದೆಂದು ಸಿದ್ಧವಾದಂತಾಯಿತು. ಕ್ರಮಬದ್ಧ ಸೇವೆಗೆ ಅದು ಕೈಗೂಡಲು ಇನ್ನು ಹದಿಮೂರು ವರ್ಷಗಳೂ ಒಂದು ಮಹಾಯುದ್ಧವೂ ಕಳೆಯಬೇಕಾಯಿತು.

ಏಕೆಂದರೆ 1935ರ ಏಪ್ರಿಲಿನಲ್ಲಿ ಇಂಪೀರಿಯಲ್ ಏರ್‌ವೇಸ್ ಮತ್ತು ಕ್ವಾಂಟಾಸ್ ಕಂಪನಿಗಳು ಕೂಡಿ ಆರಂಭಿಸಿದ ಬ್ರಿಸ್ಬೇನ್–ಲಂಡನ್ ಸೇವೆ, ಹೆಸರಿಗೆ ವಾಯುಸೇವೆಯಾದರೂ, ನಡುವೆ ಯೂರೋಪಿನಲ್ಲಿ ರೈಲು ಹತ್ತಿ ಇಳಿಯುವುದನ್ನೂ ಒಳಗೊಂಡಿತ್ತು. ಹನ್ನೆರಡೂವರೆ ದಿನ, 195 ಪೌಂಡು. ಕರಾಚಿ, ಜೋಧಪುರ, ದೆಹಲಿ, ಅಲಹಾಬಾದ್, ಕಲ್ಕತ್ತ ಎಂದು ನಮ್ಮ ದೇಶವನ್ನು ತುಂಡುತುಂಡಾಗಿ ದಾಟಬೇಕು, ಸಂಜೆಯಾದೊಡನೆ ಇಳಿಯಬೇಕು, ಹೋಟೆಲಿನಲ್ಲಿ ಉಂಡು ಮಲಗಿ ಬೆಳಗಿನ ಜಾವ ಮತ್ತೆ ಹೊರಡಬೇಕು. ಇಂಧನದ ತೊಟ್ಟಿ ಚಿಕ್ಕದು, ರಾತ್ರಿ ದಾರಿ ತೋರುವ ಉಪಕರಣಗಳು ಅಪರೂಪ, ಗಗನದಲ್ಲಿ ಹವೆಯ ಸುದ್ದಿಯನ್ನು ತಿಳಿಸುವವರು ವಿರಳ. ಹೀಗಿರಲು ತಂಗುದಾಣವನ್ನು ಬಿಡುವುದೆಂದರೆ ಪ್ರಾಣವನ್ನು ಪಣಕ್ಕಿಡುವುದು. 1938ರಲ್ಲಿ ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳು ಬಂದು ಸಿಡ್ನಿಯಿಂದ ಸೌತಾಂಪ್ಟನ್ನಿಗೆ ನೇರ ಸಂಬಂಧವೇರ್ಪಟ್ಟಾಗ ಅವಧಿ ಹತ್ತು ದಿನಗಳ ಸುಮಾರಿಗೆ ಇಳಿಯಿತು. ಆ ವಿಮಾನಗಳಿಗಾಗಿ ರಾಜಸ್ಥಾನದ ರಾಜಸಮಂದ ಸರೋವರವೂ ಗ್ವಾಲಿಯರಿನ ಕೆರೆಯೂ ಅಂತರರಾಷ್ಟ್ರೀಯ ನಿಲ್ದಾಣಗಳಾದುವೆಂಬುದು ಇಂದು ಆ ಊರುಗಳವರಲ್ಲಿಯೂ ಎಷ್ಟು ಜನಕ್ಕೆ ತಿಳಿದೀತೋ ಕಾಣೆ. ವಿಲಾಸವೆಂಬುದು ಆ ಪ್ರಯಾಣದಲ್ಲಿ ಇದ್ದಿತು, ನಿಜ. ಆದರೆ ಅಂದಿನ ಜಾಹೀರಾತುಗಳನ್ನು ನೋಡಿ ಆ ಹತ್ತು ದಿನಗಳಿಗಾಗಿ ಹಂಬಲಿಸುವ ಇಂದಿನ ಕೆಲವರು, ಒತ್ತಡವಿಲ್ಲದ ಒಳಾಂಗಣದಲ್ಲಿ ಮೋಡಗಳ ನಡುವೆಯೇ ಕುಲುಕಾಡುತ್ತ ಹೋಗಬೇಕಾದ ಸಂಕಟವನ್ನು ಮರೆತಿರುತ್ತಾರೆ.

ಯುದ್ಧ ಬಂದು, 1942ರಲ್ಲಿ ಸಿಂಗಪುರ ಜಪಾನಿಗರ ವಶವಾದ ಮೇಲೆ ಈ ಸರಪಣಿ ಕಡಿದುಹೋಯಿತು. ಅದನ್ನು ಮರಳಿ ಬೆಸೆಯಲು ಕ್ವಾಂಟಾಸಿನವರು ಕೈಗೊಂಡ ಉಪಾಯವನ್ನು ನಾನು ಈ ಮಾರ್ಗದ ಇಡಿಯ ಚರಿತ್ರೆಯಲ್ಲಿಯೇ ಅತ್ಯಂತ ವಿಸ್ಮಯಕರವಾದುದೆಂದು ಬಗೆಯುತ್ತೇನೆ. ಪರ್ತ್ ನಗರದ ಸ್ವಾನ್ ನದಿಯಿಂದ ಸಿಂಹಳದ ಗಾಲೆಯ ಬಳಿಯ ಕೊಗ್ಗಲ ಸರೋವರಕ್ಕೆ, ನಡುವೆ ಒಂದು ಚೂರು ನೆಲವನ್ನೂ ಮುಟ್ಟದೆ, ಸುಮಾರು 5,650 ಕಿಲೋಮೀಟರು ಕಡಲನ್ನು ಕ್ಯಾಟಲೀನ ಎಂಬ ಜಲವಿಮಾನಗಳಲ್ಲಿ ದಾಟುವುದು; ಶತ್ರುವಿಗೆ ಸುಳಿವು ಸಿಕ್ಕದಂತೆ ರೇಡಿಯೋ ಮೌನವಾಗಿರಬೇಕು, ದಾರಿಗೆ ನಕ್ಷತ್ರಗಳೇ ಗತಿ. ವೇಗ ಗಂಟೆಗೆ 200 ಕಿಲೋಮೀಟರಿಗೆ ಹೆಚ್ಚಿಲ್ಲದ ಆ ವಿಮಾನ 27ರಿಂದ 32 ಗಂಟೆಗಳವರೆಗೆ ಆಕಾಶದಲ್ಲಿಯೇ ಇರಬೇಕಾಗಿತ್ತು. ಅಷ್ಟು ಇಂಧನ ಹೊತ್ತ ಮೇಲೆ ಉಳಿದ ಜಾಗದಲ್ಲಿ ಹಿಡಿಸುತ್ತಿದ್ದುದು ಮೂವರು ಪ್ರಯಾಣಿಕರು ಮತ್ತು ಒಂದಿಷ್ಟು ಅಂಚೆ. ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯಗಳನ್ನು ಕಂಡವರೆಂದು ಆ ಪ್ರಯಾಣಿಕರಿಗೆ ಪ್ರಮಾಣಪತ್ರ ಕೊಡುತ್ತಿದ್ದರು. 1943ರಿಂದ 1945ರವರೆಗೆ ಇಂಥ 271 ದಾಟುಗಳು ನಡೆದವು. ಐದು ವಿಮಾನಗಳಿಗೂ ದಾರಿ ತೋರುವ ತಾರೆಗಳ ಹೆಸರನ್ನೇ ಇಟ್ಟಿದ್ದರು. ಅವುಗಳಲ್ಲಿ ರೈಜಲ್ ಒಂದನ್ನು ಬಿಟ್ಟರೆ ಮಿಕ್ಕವು ನಮ್ಮ ಪಂಚಾಂಗ ಬಲ್ಲವರಿಗೆ ಪರಿಚಿತವಾದ ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ನಕ್ಷತ್ರಗಳೇ. ನಿಧಾನವಾದ ವಿಮಾನವೊಂದು, ನಿಲ್ಲದಿರುವ ಸಾಮರ್ಥ್ಯವೊಂದರಿಂದಲೇ ಯುದ್ಧಕಾಲದ ಎರಡು ಭೂಖಂಡಗಳನ್ನು ಜೋಡಿಸಿತು. ಇದೇ ಜಾತಿಯ ಕ್ಯಾಟಲೀನಗಳನ್ನು ಅದೇ ವರ್ಷಗಳಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ದುರಸ್ತಿ ಮಾಡುತ್ತಿದ್ದರು. ಅವು ಬಂದು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯ ನೀರಿನ ಮೇಲೆ. ಇಂದು ಅಲ್ಲಿ ನೊರೆಯನ್ನು ಕಾಣುವವರು ಇದನ್ನು ನಂಬುವುದು ಕಷ್ಟ.

1947ರ ಡಿಸೆಂಬರ್ 1ರಂದು ಕ್ವಾಂಟಾಸಿನ ಕಾನ್‌ಸ್ಟಲೇಷನ್ ವಿಮಾನ, 29 ಪ್ರಯಾಣಿಕರೊಡನೆ, ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ಇಳಿದು ನಾಲ್ಕು ದಿನಗಳಲ್ಲಿ ಲಂಡನ್ ಸೇರಿತು. ಹಾರಾಟದ ಕಾಲ 55 ಗಂಟೆ. ರಾತ್ರಿಯ ತಂಗು ಸಿಂಗಪುರ ಮತ್ತು ಕೈರೋಗಳಲ್ಲಿ ಮಾತ್ರ. ಸ್ಮಿತ್ ಸೋದರರ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲಾಗಿದ್ದ ಆಕಾಶದ ಕಾಲ ಈಗ ಅರ್ಧವನ್ನು ದಾಟಿತ್ತು. ಕಾಂಗರೂ ಮಾರ್ಗವೆಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಈ ಸೇವೆಯಿಂದ. ನೆಗೆದು ನೆಗೆದು ಹೋಗುವ ಪ್ರಾಣಿಯ ಹೆಸರು ಉಚಿತವಾಗಿಯೇ ಇತ್ತು.

1959ರಲ್ಲಿ ಬೋಯಿಂಗ್ 707 ಬಂದಾಗ ಪ್ರಯಾಣ ಒಂದೂವರೆ ದಿನದ ಆಸುಪಾಸಿಗೆ ಕುಗ್ಗಿತು. ಇಲ್ಲಿ ಮಾತ್ರ ವೇಗದ ಪಾಲು ನಿಜವಾಗಿ ದೊಡ್ಡದು. ಆದರೆ ಅಲ್ಲಿಗೆ ವೇಗದ ಅಧ್ಯಾಯವೂ ಮುಗಿಯಿತು. ಶಬ್ದದ ವೇಗವನ್ನು ಸಮೀಪಿಸಿದಂತೆ ಗಾಳಿಯ ತಡೆ ಒಮ್ಮೆಲೆ ಏರುವುದರಿಂದ, ಅಂದಿನ ವಿಮಾನವೂ ಇಂದಿನ ವಿಮಾನವೂ ಆ ಹೊಸ್ತಿಲಿನ ಈಚೆಗೇ ನಿಂತು, ಗಂಟೆಗೆ 900 ಕಿಲೋಮೀಟರಿನ ನೆರೆಯಲ್ಲಿ ಹಾರುತ್ತವೆ. ಹೊಸ್ತಿಲನ್ನು ದಾಟಿದ ಕಾಂಕಾರ್ಡ್, 1976ರಿಂದ 2003ರವರೆಗೆ, ಶಬ್ದದ ಎರಡುಪಟ್ಟು ವೇಗದಲ್ಲಿ ಅಟ್ಲಾಂಟಿಕ್ ಸಾಗರವನ್ನು ಮೂರೂವರೆ ಗಂಟೆಯೊಳಗೆ ದಾಟುತ್ತಿದ್ದರೂ, ಆಸ್ಟ್ರೇಲಿಯದ ದೂರಕ್ಕೆ ಅದರ ಇಂಧನ ಏನೇನೂ ಸಾಲದು. ಮತ್ತೆ ಮತ್ತೆ ಇಳಿಯಲೇಬೇಕು. ಸಿಂಗಪುರದವರೆಗೆ ಅದನ್ನು ನಡೆಸಿದ ಪ್ರಯತ್ನ 1980ರಲ್ಲಿ ನಿಂತಿತು. 1919ರಿಂದ ಈಚೆಗೆ ವಿಮಾನದ ವೇಗ ಏಳುಪಟ್ಟು ಹೆಚ್ಚಿದೆ. ಪ್ರಯಾಣಕಾಲವಾದರೋ 668 ಗಂಟೆಗಳಿಂದ ಇಪ್ಪತ್ತರ ಸುಮಾರಿಗೆ ಇಳಿಯಬಲ್ಲುದಾಗಿ, ಮೂವತ್ತು ಪಟ್ಟಿಗೂ ಮಿಗಿಲಾಗಿ ಕುಗ್ಗಿದೆ. ಈ ಏಳಕ್ಕೂ ಮೂವತ್ತಕ್ಕೂ ನಡುವಣ ಅಂತರವೆಲ್ಲ ಬಿಟ್ಟುಕೊಟ್ಟ ತಂಗುದಾಣಗಳ ಲೆಕ್ಕಕ್ಕೆ ಸೇರತಕ್ಕದ್ದು.

ಕೊನೆಯ ತಂಗುದಾಣವನ್ನು ಬಿಡುವುದು ಎಲ್ಲಕ್ಕಿಂತ ಕಠಿಣ. ದೂರ ಹೋಗಲು ಇಂಧನ ಬೇಕು. ಆ ಇಂಧನದ ಭಾರವನ್ನು ಹೊರಲು ಮತ್ತಷ್ಟು ಇಂಧನ ಬೇಕು. ತಾನೆಳೆಯುವ ಗಾಡಿಯ ಹುಲ್ಲನ್ನೇ ದಾರಿಯುದ್ದಕ್ಕೂ ತಿನ್ನುತ್ತ ನಡೆವ ಎತ್ತಿನ ಪಾಡು ಇದು. 1989ರ ಆಗಸ್ಟಿನಲ್ಲಿ ಕ್ವಾಂಟಾಸಿನ ಹೊಚ್ಚ ಹೊಸ 747-400 ವಿಮಾನವೊಂದು ಲಂಡನ್ನಿನಿಂದ ಸಿಡ್ನಿಗೆ ಎಲ್ಲಿಯೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ 18,001 ಕಿಲೋಮೀಟರು ಹಾರಿತು. ಹೇಗೆ? ಸಾಂದ್ರತೆ ಹೆಚ್ಚಿದ ವಿಶೇಷ ಇಂಧನವನ್ನು ಸಿದ್ಧಪಡಿಸಿ ತರಿಸಿ, ತೊಟ್ಟಿಗಳಲ್ಲಿ ಹಿಡಿಯುವಷ್ಟನ್ನೂ ತುಂಬಿ, ಎಂಜಿನ್ ಉರಿಸಿ ರನ್‌ವೇಗೆ ನಡೆದರೆ ವ್ಯರ್ಥವಾಗುವ ಆ ಅಲ್ಪ ಇಂಧನವೂ ಉಳಿಯಲೆಂದು ವಿಮಾನವನ್ನು ರನ್‌ವೇಯ ತುದಿಯವರೆಗೆ ಎಳೆದೊಯ್ದು ನಿಲ್ಲಿಸಿ. ನಾಲ್ಕು ನೂರು ಜನ ಹಿಡಿಸುವ ಆ ವಿಮಾನದಲ್ಲಿದ್ದವರು 23 ಮಂದಿ, ಯಾರೂ ಹಣಕೊಟ್ಟವರಲ್ಲ. ದಾಖಲೆಯಾಯಿತು, ಸೇವೆಯಾಗಲಿಲ್ಲ. ಎರಡು ಎಂಜಿನುಗಳ ವಿಮಾನ ತುರ್ತಿಗೆ ಇಳಿಯಬಹುದಾದ ನಿಲ್ದಾಣದಿಂದ ಅರವತ್ತು ನಿಮಿಷಕ್ಕಿಂತ ಹೆಚ್ಚು ದೂರ ಹೋಗಬಾರದೆಂದಿದ್ದ ಹಳೆಯ ಕಟ್ಟಳೆ 1985ರಿಂದ ಹಂತಹಂತವಾಗಿ ಸಡಿಲಗೊಂಡು, ಹಗುರವಾದ, ಮಿತವ್ಯಯದ ಅವಳಿ ಎಂಜಿನುಗಳ 787 ಬಂದಮೇಲೆ, 2018ರ ಮಾರ್ಚಿನಲ್ಲಿ ಪರ್ತ್–ಲಂಡನ್ ನಡುವೆ ಸುಮಾರು 14,500 ಕಿಲೋಮೀಟರುಗಳ ನಿಲುಗಡೆಯಿಲ್ಲದ ಸೇವೆ ಆರಂಭವಾಯಿತು. ಮರುವರ್ಷ ನವೆಂಬರಿನಲ್ಲಿ ಅದೇ ಜಾತಿಯ ವಿಮಾನವೊಂದು, ಐವತ್ತರ ಸುಮಾರು ಜನರನ್ನಷ್ಟೆ ಕರೆದುಕೊಂಡು, ಪ್ರಯೋಗಾರ್ಥವಾಗಿ ಲಂಡನ್ನಿನಿಂದ ಸಿಡ್ನಿಗೆ 19 ಗಂಟೆ 19 ನಿಮಿಷಗಳಲ್ಲಿ ಹಾರಿತು. ದಾರಿಯಲ್ಲಿ ಎರಡು ಸೂರ್ಯೋದಯ. ಕ್ಯಾಟಲೀನಗಳ ನೆನಪಿಗಾಗಿ ಯೋಜನೆಗೆ ಸೂರ್ಯೋದಯದ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ಗಾಳಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿರುವಾಗ ವಿಮಾನ ಮೇಲೆ ಸುಮ್ಮನೆ ನಿಂತಿದ್ದರೆ ಪಶ್ಚಿಮದ ಊರುಗಳು ತಾವಾಗಿ ಕೆಳಗೆ ಬಂದಾವೆಂದು ವಾದಿಸುವ ಜಾಣರು ಇದ್ದಾರೆ. ವಾಯುಮಂಡಲವೂ ಭೂಮಿಯೊಡನೆಯೇ ಸುತ್ತುವುದರಿಂದ ಆ ವಾದ ನಿಲ್ಲದು. ನಿಜಸ್ಥಿತಿ ಅದಕ್ಕೆ ತೀರ ವಿಪರೀತ. ಒಂಬತ್ತು ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹಗಳು ಪೂರ್ವಾಭಿಮುಖಿಯನ್ನು ನೂಕುತ್ತವೆ, ಪಶ್ಚಿಮಾಭಿಮುಖಿಯನ್ನು ತಡೆಯುತ್ತವೆ. ಜಪಾನಿನ ಓಯಿಷಿ ವಾಸಾಬುರೋ ಎಂಬ ಪವನಶಾಸ್ತ್ರಜ್ಞರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಇವನ್ನು ಅಳೆದಿದ್ದರು. ಲೋಕವೆಲ್ಲ ಓದಲೆಂದು ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿ, ಆ ಕಾರಣದಿಂದಲೇ ಯಾರ ಕಣ್ಣಿಗೂ ಬೀಳದಂತೆ ಮಾಡಿಕೊಂಡರು. ಪರ್ತಿನಿಂದ ಲಂಡನ್ನಿಗೆ ಹೋಗುವಾಗ ಹದಿನೇಳು ಗಂಟೆಗೆ ಮೇಲ್ಪಟ್ಟು, ಮರಳುವಾಗ ಅದಕ್ಕಿಂತ ಕಡಿಮೆ ಹಿಡಿಯುವುದು ಈ ಪ್ರವಾಹಗಳಿಂದ.

ಈ ತತ್ತ್ವಕ್ಕೆ ಉತ್ತಮ ನಿದರ್ಶನವೊದಗಿಸಿದುದು ನಮ್ಮ ದೇಶದ ವಿಮಾನವೇ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗುವ ತನ್ನ ವಿಮಾನವನ್ನು ಅಟ್ಲಾಂಟಿಕ್ ದಾರಿಯಿಂದ ತೆಗೆದು ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಕಳುಹಿಸಿತು. ದೂರ 1,400 ಕಿಲೋಮೀಟರುಗಳಷ್ಟು ಹೆಚ್ಚಿ 15,300 ಆಯಿತು. ಕಾಲ ಸುಮಾರು ಎರಡು ಗಂಟೆ ಕಡಿಮೆಯಾಗಿ ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹೆಚ್ಚು ದೂರ, ಕಡಿಮೆ ಹೊತ್ತು! ಭಾಗಾಕಾರದಲ್ಲಿ ನಂಬಿಕೆಯುಳ್ಳವರು ಇದನ್ನು ಚಿಂತಿಸಬೇಕು. ಕನ್ನಡನಾಡಿನ ಅಸಂಖ್ಯ ಕುಟುಂಬಗಳಿಗೆ ಇಂದು ಸಿಡ್ನಿಗಿಂತ ಹತ್ತಿರವಾದ ದೂರದೂರೆಂದರೆ ಕ್ಯಾಲಿಫೋರ್ನಿಯ; ಬೆಂಗಳೂರಿಗೂ ಸ್ಯಾನ್‌ಫ್ರಾನ್ಸಿಸ್ಕೋಗೂ ನಡುವಣ ನೇರ ದೂರ ಸುಮಾರು 13,990 ಕಿಲೋಮೀಟರು. 2021ರ ಜನವರಿ 9ರಂದು ಅಲ್ಲಿಂದ ಹೊರಟ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ಉತ್ತರಧ್ರುವದ ಮೇಲಿನಿಂದ ನಡೆಸಿಕೊಂಡು, 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದರು. ಹಾರಾಟ ಹದಿನೇಳು ಗಂಟೆಗೆ ಮೇಲ್ಪಟ್ಟುದಾದರೂ ಪಂಚಾಂಗದ ಲೆಕ್ಕದಲ್ಲಿ ಹತ್ತನೆಯ ತಾರೀಖೆಂಬುದು ಹೆಚ್ಚುಕಡಿಮೆ ಆಕಾಶದಲ್ಲಿಯೇ ಕಳೆದುಹೋಯಿತು.

ರಾಜಕೀಯವೂ ದೂರವನ್ನು ಹಿಗ್ಗಿಸಬಲ್ಲುದು. ಸೋವಿಯತ್ ಒಕ್ಕೂಟದ ಆಕಾಶ ಮುಚ್ಚಿದ್ದ ಕಾಲದಲ್ಲಿ ಯೂರೋಪಿನಿಂದ ಜಪಾನಿಗೆ ಹೋಗುವವರು 1957ರಿಂದ ಮುಂದಕ್ಕೆ ಅಲಾಸ್ಕದ ಆಂಕರೇಜಿನಲ್ಲಿ ಇಳಿದು ಹೋಗುತ್ತಿದ್ದರು. ಆ ಆಕಾಶ ತೆರೆಯಿತು. 2022ರಲ್ಲಿ ಉಕ್ರೇನ್ ಯುದ್ಧದೊಡನೆ ಅನೇಕ ದೇಶಗಳ ಪಾಲಿಗೆ ಮತ್ತೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ವಿಮಾನಕ್ಕೆ ಈಗ ಹದಿಮೂರು ಗಂಟೆ ಬೇಕಾಗುತ್ತದೆ. ಗೋಳದ ಮೇಲೆ ನಾವು ಹಿಡಿದ ದಾರ ಮಾಸ್ಕೋದ ಉತ್ತರಕ್ಕೆ ಹಾಯುತ್ತದೆಯಷ್ಟೆ. ಇಂದು ಲಂಡನ್ನಿನ ವಿಮಾನಗಳು ಆ ದಾರದ ಮೇಲೆ ನಡೆಯುವಂತಿಲ್ಲ.

ಗಡಿಯಾರದ ತೊಡಕು ಬೇರೆ. ಲಂಡನ್ ಸಿಡ್ನಿಗಳ ಗಡಿಯಾರಗಳಿಗೆ ಋತುವನ್ನನುಸರಿಸಿ ಒಂಬತ್ತರಿಂದ ಹನ್ನೊಂದು ಗಂಟೆಗಳ ಅಂತರವಿರುವುದರಿಂದ, ಟಿಕೆಟ್ಟಿನ ಮೇಲಿನ ಹೊರಡುವ ಮುಟ್ಟುವ ವೇಳೆಗಳನ್ನು ಕಳೆದು ಪ್ರಯಾಣಕಾಲವನ್ನು ತಿಳಿಯಲು ಹೊರಟವರು ಮೋಸಹೋಗುತ್ತಾರೆ: 2019ರ ಪ್ರಯೋಗದ ವಿಮಾನ ಗುರುವಾರ ಬೆಳಿಗ್ಗೆ ಆರರ ಸುಮಾರಿಗೆ ಹೊರಟು, ಹತ್ತೊಂಬತ್ತು ಗಂಟೆ ಹಾರಿ, ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಳಿಯಿತು. ಶರೀರದೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೆ ಹೊಂದಿಕೊಳ್ಳಬಲ್ಲುದು. ಅದರ ಸಹಜ ಆವರ್ತ ಇಪ್ಪತ್ತನಾಲ್ಕು ಗಂಟೆಗಿಂತ ತುಸು ದೀರ್ಘವಾದುದರಿಂದ, ದಿನವನ್ನು ಕುಗ್ಗಿಸುವ ಪೂರ್ವದಿಕ್ಕಿನ ಪ್ರಯಾಣ ಅದಕ್ಕೆ ಹೆಚ್ಚು ಕಷ್ಟ. ವಿಮಾನಕ್ಕೆ ಗಾಳಿ ಒದಗಿಸಿದ ಉಪಕಾರವನ್ನು ದೇಹ ಹೀಗೆ ವಾರಕ್ಕೂ ಮೇಲ್ಪಟ್ಟ ಕಾಲದಲ್ಲಿ ತೀರಿಸುತ್ತದೆ. ಹತ್ತು ದಿನದ ಜಲವಿಮಾನದಲ್ಲಿ ಹೋದವರಿಗೆ ಈ ಬಾಧೆ ಇರಲಿಲ್ಲ.

2022ರಲ್ಲಿ ಕ್ವಾಂಟಾಸ್ ಕಂಪನಿ ಹನ್ನೆರಡು ಏರ್‌ಬಸ್ ಎ350-1000 ವಿಮಾನಗಳಿಗೆ, ಲಂಡನ್ನಿಗೂ ನ್ಯೂಯಾರ್ಕಿಗೂ ಸಿಡ್ನಿಯಿಂದ ನಿಲ್ಲದೆ ಹಾರುವ ಉದ್ದೇಶದಿಂದ, ಬೇಡಿಕೆ ಕೊಟ್ಟಿತು. ಹೆಚ್ಚಿನ ಇಂಧನದ ತೊಟ್ಟಿಯೊಂದನ್ನು ಸೇರಿಸಿ, ಸಾಮಾನ್ಯವಾಗಿ ಮುನ್ನೂರಕ್ಕೂ ಮಿಗಿಲಾಗಿ ಇರುವ ಆಸನಗಳನ್ನು 238ಕ್ಕೆ ಇಳಿಸಲಾಗಿದೆ. ಸಿಂಗಪುರದಲ್ಲಿ ಒಮ್ಮೆ ಇಳಿದು ಹೋಗುವ ಇಂದಿನ ಪ್ರಯಾಣಕ್ಕೆ ಹೋಲಿಸಿದರೆ ಉಳಿತಾಯ ಹೆಚ್ಚೆಂದರೆ ನಾಲ್ಕು ಗಂಟೆಯ ಸುಮಾರಿನದು. ಅದಕ್ಕಾಗಿ ತೆರುವ ಬೆಲೆ ವ್ಯಾಪಾರಿಗಳಿಗೂ ಮಂತ್ರಿಗಳಿಗೂ ಭಾರವಾಗದಿರಬಹುದು, ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಆಗಬಹುದು. ಇಪ್ಪತ್ತು ಗಂಟೆ ಕುಳಿತಲ್ಲೇ ಕುಳಿತಿರುವುದು ಮನುಷ್ಯಮಾತ್ರರಿಗೆ ಆಗದೆಂದು ತಿಳಿದು, ಆ ವಿಮಾನದ ನಡುವೆ ಒಂದಿಷ್ಟು ಜಾಗವನ್ನು ಖಾಲಿ ಬಿಟ್ಟು, ಪ್ರಯಾಣಿಕರು ಎದ್ದು ನಿಂತು ಕೈಕಾಲಾಡಿಸಲು, ನೀರು ಕುಡಿಯಲು ಏರ್ಪಾಡು ಮಾಡಿದ್ದಾರೆ. ಎಂದರೆ ನೂರು ವರ್ಷ ಶ್ರಮಿಸಿ ನೆಲದ ಮೇಲಿನ ಕೊನೆಯ ತಂಗುದಾಣವನ್ನು ಕಳಚಿದವರು, ಚಿಕ್ಕದೊಂದನ್ನು ಜೊತೆಯಲ್ಲಿಯೇ ಹೊತ್ತೊಯ್ಯುತ್ತಿದ್ದಾರೆ. ನನ್ನನ್ನು ಕೇಳಿದರೆ, ಸಿಂಗಪುರದಲ್ಲಿ ಇಳಿದು ಎರಡು ಗಂಟೆ ಅಡ್ಡಾಡಿ, ಬಿಸಿ ಕಾಫಿ ಕುಡಿದು ಹೋಗುವ ಟಿಕೆಟ್ಟನ್ನೇ ಕೊಳ್ಳುತ್ತೇನೆ.